ಗಸಿಯಲ್ಲಿ ಸಿಕ್ಕಿದ ದೂತ

ಕೇಳುಗರಿಗೆ ನಮಸ್ಕಾರ.

ಉಡುಪಿಯಲ್ಲಿರುವ ನಮ್ಮ ಭಾವನವರಿಗೆ ಎಪ್ಪತ್ತು ದಾಟಿದೆ. ಆಟಿಯ ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು ಒಳಗೆ ಬಂದರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ತಂದಿದ್ದ ಚೀಟಿಯೊಂದನ್ನು ನನ್ನ ಮುಂದೆ ಹಿಡಿದರು. ಮನೆಯ ಗ್ಲೂಕೋಮೀಟರಿನ ಲೆಕ್ಕ. “ಮಲಗುವಾಗ 118, ಎದ್ದಾಗ 152. ನಡುವೆ ಕುಡಿದದ್ದು ಒಂದು ಲೋಟ ನೀರು ಮಾತ್ರ ಮಾರಾಯ. ಈ ಸಕ್ಕರೆ ಎಲ್ಲಿಂದ ಬಂತು?”

ಬಂದದ್ದು ಅವರದೇ ಯಕೃತ್ತಿನಿಂದ. ಉಂಡ ಅನ್ನದ ಸಕ್ಕರೆಯಲ್ಲಿ ಒಂದು ಪಾಲನ್ನು ಯಕೃತ್ತು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ, ಹಸಿವಿನ ಹೊತ್ತಿಗೆ ಒಡೆದು ರಕ್ತಕ್ಕೆ ಬಿಡುತ್ತದೆ. ಬಿಡು ಎಂದು ಹೇಳುವ ಹಾರ್ಮೋನು ಗ್ಲುಕಗಾನ್. ನಾಯಿ ಅಟ್ಟಿಸಿಕೊಂಡು ಬಂದರೆ ಅದೇ ಮಾತನ್ನು ಅಡ್ರಿನಲಿನ್ ಇನ್ನೂ ಅವಸರದಲ್ಲಿ ಹೇಳುತ್ತದೆ. ಸಾಕು ಎಂದು ತಡೆಯುವುದು ಇನ್ಸುಲಿನ್. ಮಧುಮೇಹದಲ್ಲಿ ಆ ತಡೆ ಸಡಿಲವಾಗಿರುತ್ತದೆ.

ಆದರೆ ಈ ಹಾರ್ಮೋನುಗಳು ಜೀವಕೋಶದ ಒಳಕ್ಕೆ ಕಾಲಿಡುವುದೇ ಇಲ್ಲ. ನಮ್ಮ ಹಳೆಯ ಮನೆಗಳಿಗೆ ಬಂದ ನೆಂಟರಂತೆ ಚಾವಡಿಯಲ್ಲೇ ಕುಳಿತಿರುತ್ತವೆ. ಹಾಗಿದ್ದರೆ ಅಡುಗೆಮನೆಯಲ್ಲಿ ಒಲೆ ಉರಿಯುವುದು ಹೇಗೆ? ಸುದ್ದಿಯನ್ನು ಒಳಗೆ ಒಯ್ಯುವವರು ಯಾರು?

ಇದನ್ನು ಬಿಡಿಸಿದವರು ಅರ್ಲ್ ಸದರ್‌ಲ್ಯಾಂಡ್. 1915ರಲ್ಲಿ ಅಮೆರಿಕದ ಕನ್ಸಾಸ್ ರಾಜ್ಯದ ಬರ್ಲಿಂಗೇಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಓದಿದ್ದು ವೈದ್ಯಕೀಯ. ಮಹಾಯುದ್ಧದಲ್ಲಿ ಸೇನೆಯ ವೈದ್ಯರಾಗಿದ್ದರು. ಮರಳಿದ ಮೇಲೆ ರೋಗಿಗಳ ಕಡೆಗೆ ಹೋಗದೆ ಸೇಂಟ್ ಲೂಯಿಸ್‌ನಲ್ಲಿ ಕಾರ್ಲ್ ಕೋರಿ ಅವರ ಪ್ರಯೋಗಶಾಲೆ ಸೇರಿ, ಗ್ಲೈಕೋಜನ್ ಒಡೆಯುವ ಫಾಸ್ಫೊರಿಲೇಸ್ ಎಂಬ ಕಿಣ್ವದ ಬೆನ್ನು ಹತ್ತಿದರು. 1953ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದರು. ಇಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದದ್ದೂ ಅದೇ ವರ್ಷ.

ಹಾರ್ಮೋನು ಕೆಲಸ ಮಾಡಬೇಕಾದರೆ ಜೀವಕೋಶ ಇಡಿಯಾಗಿಯೇ ಇರಬೇಕು, ಅರೆದರೆ ಎಲ್ಲ ಮುಗಿಯಿತು ಎಂದು ಆಗ ಬಹಳ ಮಂದಿ ನಂಬಿದ್ದರು. ಸದರ್‌ಲ್ಯಾಂಡ್ ಮತ್ತು ಅವರ ಜೊತೆಗಾರ ಥಿಯೊಡೋರ್ ರಾಲ್ ನಾಯಿಯ ಯಕೃತ್ತನ್ನು ಅರೆದೇ ನೋಡಿದರು. ಅರೆದ ರಸಕ್ಕೆ ಹಾರ್ಮೋನು ಬೆರೆಸಿದರೆ ಕಿಣ್ವ ಚುರುಕಾಯಿತು! ಇನ್ನು ರಸವನ್ನು ಶುದ್ಧ ಮಾಡೋಣವೆಂದು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ತಳದಲ್ಲಿ ಕೂತ ಗಸಿಯನ್ನು ಬೇರೆ ಮಾಡಿದರು. ಮೇಲಿನ ತಿಳಿಯಲ್ಲಿ ಕಿಣ್ವವೆಲ್ಲ ಇದೆ, ಹಾರ್ಮೋನು ಹಾಕಿದರೆ ಮಾತ್ರ ಮಿಸುಕುವುದಿಲ್ಲ. ಗಸಿಯನ್ನು ಮತ್ತೆ ಕೂಡಿಸಿದರೆ ಕೆಲಸ ಶುರು. ಕೋಳಿ ಗಸಿಯ ಊರಿನವರಾದ ನಮಗೆ ಗಸಿಯ ಬೆಲೆ ಗೊತ್ತು. ಪ್ರಯೋಗಶಾಲೆಯಲ್ಲಿ ಅದು ತೊಳೆದು ಚೆಲ್ಲುವ ವಸ್ತು.

ಮುಂದಿನ ಹೆಜ್ಜೆ ನನಗೆ ಬಹಳ ಇಷ್ಟ. ಗಸಿಗೆ ಮಾತ್ರ ಹಾರ್ಮೋನು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಅದನ್ನು ಕುದಿಸಿಬಿಟ್ಟರು. ಕುದಿಸಿದರೆ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಕೆಡುತ್ತದೆ. ಆದರೂ ಆ ಕುದಿಸಿದ ನೀರನ್ನು ತಿಳಿಗೆ ಹಾಕಿದಾಗ ಕಿಣ್ವ ಎಚ್ಚೆತ್ತಿತು. ಅಂದರೆ ಕುದಿಗೂ ಜಗ್ಗದ ಪುಟ್ಟ ಅಣುವೊಂದು ಗಸಿಯಲ್ಲಿ ತಯಾರಾಗಿತ್ತು. ಗಸಿ ಎಂದರೆ ಒಡೆದ ಕೋಶಗಳ ಪೊರೆ, ಅದೇ ನಮ್ಮ ಚಾವಡಿ. ಒಳಗೋಡುವ ಹುಡುಗ ಈ ಅಣು.

ಅದು ಯಾವ ಅಣು ಎಂದು ತಿಳಿದದ್ದು ಅಂಚೆಯ ದಯೆಯಿಂದ. ಸದರ್‌ಲ್ಯಾಂಡ್ ಸಲಹೆ ಕೇಳಿ ಲಿಯಾನ್ ಹೆಪೆಲ್ ಎಂಬ ವಿಜ್ಞಾನಿಗೆ ಪತ್ರ ಬರೆದರು. ಬೇರೆ ಯಾವುದೋ ಕೆಲಸದಲ್ಲಿ ಅಂಥದೇ ವಸ್ತುವನ್ನು ಪಡೆದಿದ್ದ ಡೇವಿಡ್ ಲಿಪ್ಕಿನ್ ಎಂಬ ರಸಾಯನಶಾಸ್ತ್ರಜ್ಞರೂ ಅವರಿಗೇ ಬರೆದಿದ್ದರು. ಎರಡೂ ಪತ್ರಗಳು ಒಂದೇ ಅಣುವಿನ ಮಾತಾಡುತ್ತಿವೆ ಎಂದು ಹೆಪೆಲ್ ಗುರುತಿಸಿ ಇಬ್ಬರಿಗೂ ತಿಳಿಸಿದರು. ಅದೇ ಸೈಕ್ಲಿಕ್ ಎಎಂಪಿ. ಹಾರ್ಮೋನು ಮೊದಲ ದೂತನಾದರೆ ಇದು ಎರಡನೆಯ ದೂತ.

1971ರ ವೈದ್ಯಕೀಯ ನೊಬೆಲ್ ಸದರ್‌ಲ್ಯಾಂಡ್ ಒಬ್ಬರಿಗೇ ಬಂತು. 1974ರಲ್ಲಿ ತೀರಿಕೊಂಡರು. ಚಾವಡಿಯಿಂದ ಸುದ್ದಿ ದಾಟಿಸುವ ಜಿ ಪ್ರೋಟೀನುಗಳಿಗೆ 1994ರಲ್ಲಿ, ನೆಂಟರನ್ನು ಕೂರಿಸಿಕೊಳ್ಳುವ ಗ್ರಾಹಿಗಳಿಗೆ 2012ರಲ್ಲಿ ಇನ್ನೆರಡು ನೊಬೆಲ್ ಬಂದವು. ಉಬ್ಬಸದವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಶ್ವಾಸನಾಳವನ್ನು ಸಡಿಲಿಸುವುದು ಇದೇ ದೂತನ ಕೈಯಲ್ಲಿ.

ಭಾವನವರಿಗೆ ಇಷ್ಟನ್ನೂ ವಿವರಿಸಿದೆ. ಅವರು ನುಂಗುವ ಮೆಟ್‌ಫಾರ್ಮಿನ್ ಯಕೃತ್ತಿನ ಈ ಧಾರಾಳವನ್ನೇ ಕಡಿಮೆ ಮಾಡುತ್ತದೆ, ಬಿಡಬೇಡಿ ಎಂದೂ ಹೇಳಿದೆ. ತಲೆಯಾಡಿಸುತ್ತ ಕೇಳಿದರು. ಚೀಟಿಯನ್ನು ಮತ್ತೆ ತೊಟ್ಟೆಯಲ್ಲಿ ಸುತ್ತಿಕೊಂಡು, ಕೊಡೆ ಎತ್ತಿಕೊಳ್ಳುತ್ತ, “ಹಾಗಾದರೆ ತಪ್ಪು ಗಂಜಿಯದ್ದಲ್ಲ. ಇವತ್ತು ರಾತ್ರಿ ಇನ್ನೊಂದು ಸೌಟು ಹಾಕಿಸಿಕೊಳ್ಳಬಹುದಲ್ಲ?” ಎಂದರು.

ನಮಸ್ಕಾರ.