ಚೀಟಿ ಉದುರಿದ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯ ಕೌಲ್ ಬಜಾರಿನ ಕಡೆ ಹಗಲು ಹೊತ್ತಿನಲ್ಲಿ ನಡೆದು ಹೋದರೆ ಹೊಲಿಗೆ ಮಷಿನ್ನುಗಳ ಸದ್ದು ಕಿವಿಗೆ ಬೀಳುತ್ತದೆ. ಈ ಊರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಮೊದಲು ಟೈಲರ್ ಆಗಿ, ಆಮೇಲೆ ಸೂಪರ್‌ವೈಸರ್ ಆಗಿ 20 ವರ್ಷ ದುಡಿದೆ. ಕೈಕೆಳಗೆ ಕೆಲಸ ಮಾಡುವವರ ನಂಬಿಕೆ ಗಳಿಸುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ನನಗೆ ಅದು ತಿಳಿದದ್ದು ಒಂದು ಲಾಟ್, ಅಂದರೆ ಒಟ್ಟಿಗೆ ಹೊಲಿದ ಒಂದು ಕಂತಿನ ಮಾಲು, ಹಾಳಾದ ಮೇಲೆ.

ಜೀನ್ಸ್ ಬಟ್ಟೆಯ ಒಂದು ಗುಣ ಹೇಳಬೇಕು. ಒಂದು ಥಾನಿನ ನೀಲಿಯ ಹಾಗೆ ಇನ್ನೊಂದು ಥಾನಿನ ನೀಲಿ ಇರುವುದಿಲ್ಲ. ಹೊಸ ಬಟ್ಟೆಯಲ್ಲಿ ಅದು ಕಣ್ಣಿಗೆ ಕಾಣುವುದೂ ಇಲ್ಲ. ವಾಶಿಂಗಿಗೆ ಹೋಗಿ ಬಂದ ಮೇಲೆ ಒಂದು ತಿಳಿಯಾಗಿರುತ್ತದೆ, ಇನ್ನೊಂದು ಗಾಢವಾಗಿರುತ್ತದೆ. ಅದಕ್ಕೇ ಕಟಿಂಗ್ ಮಾಸ್ಟರ್ ಕತ್ತರಿಸಿದ ಪ್ರತಿ ಪದರಕ್ಕೂ ನಂಬರಿನ ಚೀಟಿ ಅಂಟಿಸುವುದು. 17ನೇ ನಂಬರಿನ ಮುಂಭಾಗಕ್ಕೆ 17ನೇ ನಂಬರಿನ ಹಿಂಭಾಗವೇ ಕೂಡಬೇಕು.

ಒಂದು ದಿನ ನಮ್ಮ ಲೈನಿನ ಹುಡುಗಿಯೊಬ್ಬಳ ಕೈಯಿಂದ ಬಂಡಲ್ ಜಾರಿ ಬಿತ್ತು. ಚೀಟಿಗಳು ಉದುರಿದವು. ಆಕೆ ಗಾಬರಿಯಲ್ಲಿ ಕೈಗೆ ಬಂದ ಹಾಗೆ ಜೋಡಿಸಿ ಮುಂದಿನ ಮಷಿನ್ನಿಗೆ ಕೊಟ್ಟಳು, ಯಾರಿಗೂ ಹೇಳಲಿಲ್ಲ. ವಾಶಿಂಗಿನಿಂದ ಮಾಲು ವಾಪಸು ಬಂದಾಗ ಎಷ್ಟೋ ಪ್ಯಾಂಟುಗಳ ಮುಂದಿನ ಬಣ್ಣವೇ ಬೇರೆ, ಹಿಂದಿನ ಬಣ್ಣವೇ ಬೇರೆ.

"ಅವತ್ತೇ ಯಾಕೆ ಹೇಳ್ಲಿಲ್ಲಮ್ಮಾ?" ಅಂತ ಕೇಳಿದೆ.

"ಹೋದ ವಾರ ಆ ಅಕ್ಕನಿಗೆ ಎಲ್ರ ಮುಂದೆ ಬೈದ್ರಲ್ಲ, ನನಗೂ ಹಂಗೇ ಬೈತೀರಂತ ಸುಮ್ಕಾದೆ ಅಕ್ಕ" ಅಂದಳು.

ಆಕೆ ಹೇಳಿದ್ದು ನಿಜ. ಹಿಂದಿನ ವಾರ ಒಬ್ಬಾಕೆ ತಾನಾಗಿಯೇ ಬಂದು ಜಿಪ್ ಸೊಟ್ಟಗೆ ಕೂತಿದೆ ಎಂದಿದ್ದಳು. ನಾನು ಇಡೀ ಹಾಲ್ ಕೇಳುವಂತೆ ಕೂಗಾಡಿದ್ದೆ. ಬೈಸಿಕೊಂಡವಳು ಒಬ್ಬಳೇ, ಆದರೆ ಪಾಠ ಕಲಿತದ್ದು ಇಡೀ ಲೈನು: ಅಕ್ಕನಿಗೆ ತಪ್ಪು ಹೇಳಬಾರದು ಅನ್ನುವ ಪಾಠ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಳಾದ ಲಾಟಿಗಿಂತ, ಆ ಹುಡುಗಿ ಅಷ್ಟು ದಿನ ಆ ಭಯವನ್ನು ಒಳಗೇ ಇಟ್ಟುಕೊಂಡು ನನ್ನ ಮುಂದೆಯೇ ಕೂತು ಹೊಲಿದಳಲ್ಲ ಅನ್ನುವುದು ನನ್ನನ್ನು ಹೆಚ್ಚು ಕೊರೆಯಿತು.

ಇದು ನಮ್ಮ ಯೂನಿಟ್ಟಿನ ಕಥೆ ಮಾತ್ರ ಅಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದರು. ಹೊಂದಿಕೊಂಡು ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂದುಕೊಂಡಿದ್ದರೆ, ದಾಖಲೆಯಲ್ಲಿ ಆ ತಂಡಗಳ ತಪ್ಪುಗಳೇ ಜಾಸ್ತಿ! ಬಗೆದು ನೋಡಿದಾಗ ತಿಳಿದ ಕಾರಣ ಇದು: ಅಲ್ಲಿಯ ದಾದಿಯರು ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಬೇರೆ ಕಡೆ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಜಪಾನಿನ ಟೊಯೋಟಾ ಕಾರಿನ ಕಾರ್ಖಾನೆಯಲ್ಲಿ ಲೈನಿನ ಪಕ್ಕದಲ್ಲಿ ಒಂದು ಹಗ್ಗ ಇರುತ್ತಿತ್ತು. ದೋಷ ಕಂಡ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ಎಳೆದರೆ ಮೇಲಿನವನು ಓಡಿ ಬರುತ್ತಾನೆ. ಕೂಡಲೇ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಓಡಿ ಬರುವುದು ಬೈಯಲು ಅಲ್ಲ, ಕೈಜೋಡಿಸಲು.

ನಾನು ಬೈಯುವುದನ್ನು ಬಿಟ್ಟೆ. ಅಷ್ಟರಿಂದ ಏನೂ ಬದಲಾಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಯವಾಗಿ ಮಾತಾಡಿದರೆ ಸಾಕು, ನಂಬಿಕೆ ತಾನಾಗಿ ಬರುತ್ತದೆ ಅಂತ ಅನೇಕರು ತಿಳಿದಿರುತ್ತಾರೆ. ನಮ್ಮಲ್ಲಿ ಕೂಲಿ ಪೀಸಿನ ಲೆಕ್ಕ. ಹೊಲಿದಷ್ಟಕ್ಕೇ ದುಡ್ಡು. ತಪ್ಪು ಹೇಳಿದವಳು ಬಿಚ್ಚಿ ಮತ್ತೆ ಹೊಲಿಯಬೇಕು, ಆ ಹೊತ್ತಿನ ಕೂಲಿ ಇಲ್ಲ. ನಿಜ ಹೇಳಿದ್ದಕ್ಕೆ ಶನಿವಾರದ ಬಟವಾಡೆಯಲ್ಲಿ ದುಡ್ಡು ಕಡಿಮೆ ಬಂದರೆ ಯಾರು ಹೇಳುತ್ತಾರೆ? ಮನೆಯಲ್ಲಿ ಮಕ್ಕಳಿದ್ದಾರೆ, ಬಾಡಿಗೆ ಇದೆ. ನಾನು ಮಾಲೀಕರ ಹತ್ತಿರ ಮೂರು ಸಲ ಹೋದೆ. ತಾನಾಗಿ ಬಂದು ತಪ್ಪು ಹೇಳಿದವರಿಗೆ ಬಿಚ್ಚಿ ಹೊಲಿಯುವ ಹೊತ್ತಿಗೂ ಕೂಲಿ ಕೊಡಬೇಕು ಅಂತ ಕೇಳಿದೆ. ಮೂರನೇ ಸಲ, ಹಾಳಾದ ಆ ಲಾಟಿನ ನಷ್ಟವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮುಂದಿಟ್ಟೆ. ಒಪ್ಪಿದರು. ಲೈನಿನವರು ನನ್ನ ಮಾತನ್ನು ನಂಬಿದ್ದು ಆ ಮೊದಲ ಬಟವಾಡೆ ಕೈಗೆ ಬಂದ ಮೇಲೆ.

ಕಲಿಸುವ ರೀತಿಯೂ ಬದಲಾಗಬೇಕಿತ್ತು. ಮೊದಲು ನಾನು ಯಾರದ್ದಾದರೂ ಹೊಲಿಗೆ ಕೆಟ್ಟರೆ "ಸರಿ, ಏಳು" ಅಂತ ಎಬ್ಬಿಸಿ ನಾನೇ ಕೂತು ಹೊಲಿದು ತೋರಿಸುತ್ತಿದ್ದೆ. ಕೆಲಸ ಬೇಗ ಆಗುತ್ತಿತ್ತು, ಆದರೆ ಅವರು ಮತ್ತೆ ಅದೇ ಕಡೆ ಎಡವುತ್ತಿದ್ದರು. ಆಮೇಲೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರಲು ಶುರುಮಾಡಿದೆ. ಒಬ್ಬಾಕೆಗೆ ಪದೇಪದೇ ದಾರ ಕಡಿಯುತ್ತಿತ್ತು.

"ಎಲ್ಲಿ ಕಡೀತೈತೆ, ನೋಡೀಯೇನವ್ವ?"

"ದಪ್ಪ ಹೊಲಿಗೆ ಒಂದರ ಮೇಲೊಂದು ಬರೋ ಜಾಗದಾಗೆ ಅಕ್ಕ."

"ಅಲ್ಲಿಗೆ ಬಂದಾಗ ನೀನೇನು ಮಾಡ್ತೀ?"

ಆಕೆ ಸುಮಾರು ಹೊತ್ತು ಸುಮ್ಮನಿದ್ದಳು. ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು, ತಡೆದುಕೊಂಡೆ. "ಸ್ಪೀಡು ಕಮ್ಮಿ ಮಾಡಲ್ಲ... ಸೂಜಿ ಬಿಸಿ ಆಗ್ತೈತೇನೋ" ಅಂದಳು. ಸೂಜಿ ಮುಟ್ಟಿ ನೋಡಿದೆವು, ಸುಡುತ್ತಿತ್ತು. 16ನೇ ನಂಬರಿನ ಸೂಜಿ ತೆಗೆದು ಅದಕ್ಕಿಂತ ದಪ್ಪನೆಯ 18ರದ್ದು ಹಾಕಿದೆವು. ಆ ಜಾಗ ಬಂದಾಗ ಪೆಡಲ್ ಸ್ವಲ್ಪ ಬಿಟ್ಟು ಹೊಲಿಯಲು ಆಕೆಯೇ ರೂಢಿ ಮಾಡಿಕೊಂಡಳು. ಮರುದಿನ ಪಕ್ಕದ ಮಷಿನ್ನಿನವಳಿಗೆ ಆಕೆ ಅದನ್ನೇ ಹೇಳಿಕೊಡುತ್ತಿದ್ದದ್ದನ್ನು ನೋಡಿದೆ.

ಇನ್ನೊಂದು ಸಣ್ಣ ಮಾತು. ಮೊಹರಂಗೋ ಉಗಾದಿಗೋ ಅಡ್ವಾನ್ಸ್ ಕೇಳಿದರೆ "ನೋಡೋಣ" ಅನ್ನಬೇಡಿ. ಆಗುವುದಿದ್ದರೆ ಯಾವ ದಿನ ಅಂತ ಹೇಳಿ, ಆಗದಿದ್ದರೆ ಆಗುವುದಿಲ್ಲ ಅಂತ ಅವತ್ತೇ ಹೇಳಿ. ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ.

ಬಂಡಲ್ ಬೀಳಿಸಿದ್ದ ಆ ಹುಡುಗಿ ಕೆಲಸ ಬಿಟ್ಟು ಹೋಗುತ್ತಾಳೆ ಅಂತ ನನಗೆ ಅಂಜಿಕೆ ಇತ್ತು. ಎಲ್ಲರ ಮುಂದೆ ಬೈದದ್ದಕ್ಕೆ, ಹಿಂದಿನ ವಾರ ಬೈಸಿಕೊಂಡಿದ್ದವಳ ಕ್ಷಮೆಯನ್ನು ಎಲ್ಲರ ಮುಂದೆಯೇ ಕೇಳಿದೆ. ಹುಡುಗಿ ಉಳಿದಳು. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ, ಊಟಕ್ಕೆ ಎದ್ದಿದ್ದೆ, ಹಾಲಿನ ಆ ಕೊನೆಯಿಂದ ಜೋರು ದನಿ ಬಂತು: "ಅಕ್ಕಾ, ಇಲ್ಲಿ ಚೀಟಿ ಉದುರ್‍ಯಾವು, ಮಷಿನ್ ನಿಲ್ಸೀನಿ, ಬರ್ರಿ!" ಊಟದ ಡಬ್ಬಿ ಅಲ್ಲೇ ಇಟ್ಟು ಓಡಿದೆ. ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ನಂಬರ್ ಹುಡುಕಿ ಜೋಡಿಸಿದೆವು.

ನಮಸ್ಕಾರ.