ಅರಬೈಲ್ ಘಟ್ಟದಲ್ಲಿ ನಿಂತು ಒಂದು ಕಂಪನಿಯ ಕಥೆ

ಹುಬ್ಬಳ್ಳಿ ದಾಟಿ ಕಲಘಟಗಿಯ ಹೊಲಗಳು ಹಿಂದೆ ಸರಿಯುವುದನ್ನು ಈ ವಿಡಿಯೊದಲ್ಲಿ ನೀವೇ ನೋಡುತ್ತಿದ್ದೀರಿ, ಅದನ್ನು ವಿವರಿಸಲು ಹೋಗುವುದಿಲ್ಲ. ಈ ರಾಷ್ಟ್ರೀಯ ಹೆದ್ದಾರಿ 52 ಸೊಲ್ಲಾಪುರ, ವಿಜಯಪುರಗಳ ಮೇಲಿಂದ ನಮ್ಮೂರಿಗೆ ಬಂದು, ಯಲ್ಲಾಪುರದ ಆಚೆ ಅರಬೈಲ್ ಘಟ್ಟ ಇಳಿದು ಅಂಕೋಲೆಯಲ್ಲಿ ಮುಗಿಯುತ್ತದೆ. ಅದೇ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್ ಅವರು, ರೈಲ್ವೆ ಗುತ್ತಿಗೆಗಳಲ್ಲಿ ಕೈ ಪಳಗಿಸಿಕೊಂಡು, 1926ರಲ್ಲಿ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯನ್ನು ಸ್ಥಾಪಿಸಿದರು. ಬೆಂಗಳೂರಿನ ವಿಮಾನ ಕಾರ್ಖಾನೆಗೆ 1940ರಲ್ಲಿ ನಾಂದಿ ಹಾಡಿದವರೂ ಇವರೇ. ಆದರೆ ಇಂದು ಆ ಕಂಪನಿಯ ಘಟ್ಟದ ಕೆಲಸಗಳ ಮಾತಷ್ಟೇ.

ಮುಂಬಯಿ ಮತ್ತು ಪುಣೆಯ ನಡುವಿನ ಭೋರ್ ಘಾಟಿನ ರೈಲ್ವೆ ಸುರಂಗಗಳು ಆ ಕಂಪನಿಯ ಆರಂಭದ ಕೆಲಸಗಳಲ್ಲಿ ಸೇರಿವೆ. ಏಳು ದಶಕಗಳ ಮೇಲೆ ಅದೇ ಘಾಟಿಗೆ ಮರಳಿ, 2002ರಲ್ಲಿ ಪೂರ್ಣವಾಗಿ ತೆರೆದ ಎಕ್ಸ್‌ಪ್ರೆಸ್‌ವೇಯ ಘಟ್ಟದ ಭಾಗವನ್ನು ಅದು ಕಟ್ಟಿತು. ಜಮ್ಮು-ಕಾಶ್ಮೀರದಲ್ಲಿ ಬಫ್ಲಿಯಾಜ್‌ನಿಂದ ಶೋಪಿಯಾನ್‌ವರೆಗೆ ಪೀರ್ ಪಂಜಾಲ್ ಶ್ರೇಣಿಯನ್ನು ದಾಟುವ, ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುವ 84 ಕಿಲೋಮೀಟರಿನ ಮೊಘಲ್ ರಸ್ತೆಯೂ ಅದರ ಕೆಲಸವೇ. ಇಷ್ಟೆಲ್ಲ ಓದಿಕೊಂಡು ಬಂದಿದ್ದರಿಂದ, ಅರಬೈಲಿಗೂ ಒಂದು ಸುರಂಗ ಕೊರೆದುಬಿಟ್ಟರೆ ಈ ಸುತ್ತುಬಳಸಿನ ಇಳಿಜಾರಿನ ಪಾಡು ತಪ್ಪುತ್ತದೆ ಎಂದು ನಾನು ದಾರಿಯುದ್ದಕ್ಕೂ ಹೇಳುತ್ತಲೇ ಬಂದೆ.

ಆಮೇಲೆ ಇಲ್ಲಿ ನಿಂತೆವು. ಮುಂದೆ ಲಾರಿ, ಹಿಂದೆ ಲಾರಿ, ಎದುರಿನವರಿಗೂ ನಮಗೂ ಒಂದೇ ಪಥ. ಕಾರಣ ಅಪಘಾತವಲ್ಲ, ಗುಡ್ಡದ ಬದಿಯ ಗಟಾರ! ಅದರಲ್ಲಿ ಕಲ್ಲು, ಮಣ್ಣು, ತರಗೆಲೆ ತುಂಬಿ, ಮೋರಿಯ ಬಾಯಿ ಕಟ್ಟಿಕೊಂಡು, ಮೇಲಿಂದ ಇಳಿದ ನೀರೆಲ್ಲ ಡಾಂಬರಿನ ಮೇಲೆ ಹರಿದು ಆಚೆಯ ಅಂಚನ್ನು ಕೊರೆದಿದೆ. ನಾಲ್ಕು ಆಳು, ನಾಲ್ಕು ಸಲಿಕೆ, ಮಳೆಗಾಲಕ್ಕೆ ಮುಂಚಿನ ಒಂದು ದಿನ, ಇಷ್ಟೇ ಬೇಕಿತ್ತು; ಅದನ್ನು ಉಳಿಸಿದ ಪುಣ್ಯಾತ್ಮರು ಯಾರೋ, ಅವರ ಲೆಕ್ಕಕ್ಕೆ ಇಷ್ಟು ಲಾರಿಗಳ ಡೀಸೆಲ್ಲನ್ನೂ ಬರೆಯಬೇಕು. ಕಡಿದ ಗುಡ್ಡದ ಮಣ್ಣು ನೀರು ಕುಡಿದಷ್ಟೂ ಭಾರವಾಗುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಆದ್ದರಿಂದಲೇ ಗುಡ್ಡದ ನೆತ್ತಿಯಲ್ಲೊಂದು ಕಾಲುವೆ, ಬುಡದಲ್ಲೊಂದು ಗಟಾರ, ತಡೆಗೋಡೆಯಲ್ಲಿ ನೀರು ಇಳಿಯಲು ತೂತುಗಳು ಇರಬೇಕು. ಇದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಭಾರಿ ಮಳೆಗೆ ಕರಾವಳಿಯ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದುದನ್ನು ಹುಬ್ಬಳ್ಳಿಯ ಲಾರಿ ಚಾಲಕರಾರೂ ಮರೆತಿಲ್ಲ.

ಈಗ ಸುರಂಗ ಬೇಡವೆನ್ನಿಸುತ್ತಿದೆ. ಸುರಂಗಕ್ಕೂ ನೀರಿನ ಕಾಲುವೆ ಬೇಕು, ಅದರ ಮೇಲೆ ಗಾಳಿಯಾಡಿಸುವ ಫ್ಯಾನು, ದೀಪ, ಹಗಲಿರುಳು ಕಾಯುವ ಜನ. ಗಟಾರವನ್ನೇ ಬಳಿಯದ ಕೈಗಳಿಗೆ ಅದನ್ನು ಒಪ್ಪಿಸುವುದು ಹೇಗೆ? ಕಂಪನಿಗಳ ಇತಿಹಾಸದಲ್ಲಿ ರಿಬ್ಬನ್ ಕತ್ತರಿಸಿದ ಫೋಟೋ ಇರುತ್ತದೆ, ಮೋರಿ ಬಳಿದ ಫೋಟೋ ನನಗಂತೂ ಎಲ್ಲಿಯೂ ಕಂಡಿಲ್ಲ. ಭೋರ್ ಘಾಟಿನಲ್ಲಿಯೂ ಕಲ್ಲು ಉರುಳದಂತೆ ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸಿದ್ದು ರಸ್ತೆ ತೆರೆದ ಎಷ್ಟೋ ಕಾಲದ ಮೇಲೆ.

ಸಾಲು ಅಲುಗಿತು. ಎಡಕ್ಕೆ ತಡೆಗೋಡೆ ಬರುತ್ತಿದೆ, ಆ ತೂತುಗಳನ್ನು ಬ್ಯಾಟರಿ ಇರುವಾಗಲೇ ಚಿತ್ರೀಕರಿಸಿಬಿಡುತ್ತೇನೆ.