ಕ್ಯಾಪಿಗಾಗಿ ಹಲ್ಲು ಕೊರೆಯುವ ಕೈ: ಅಂಕಕ್ಕೆ ಮೊದಲು ಅಳತೆ

ಕೇಳುಗರಿಗೆ ನಮಸ್ಕಾರ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯಿಂದ ದಂತವೈದ್ಯ ಓದಲು ಹೊರಟ ಮಕ್ಕಳು ಧಾರವಾಡ, ಮಣಿಪಾಲ, ಮಂಗಳೂರು, ಇಲ್ಲವೇ ಗಡಿ ದಾಟಿ ಗೋವೆಯ ಬಾಂಬೋಳಿ ಸೇರುತ್ತಾರೆ. ರೋಗಿಯ ಬಾಯಿಗೆ ಏರೋಟರ್ ಎಂಬ ಕೊರೆಯುವ ಯಂತ್ರ ಹಚ್ಚುವ ಮೊದಲು ಅವರು ಫ್ಯಾಂಟಮ್ ಹೆಡ್ ಎಂಬ ಕೃತಕ ತಲೆಯಲ್ಲಿ, ಟೈಪೋಡಾಂಟ್ ಎಂಬ ಕೃತಕ ದವಡೆಗೆ ಕೂರಿಸಿದ ಪ್ಲಾಸ್ಟಿಕ್ ಹಲ್ಲು ಕೊರೆದು ಕೈ ಪಳಗಿಸಬೇಕು. ಆ ಹಲ್ಲಿಗೆ ಅಂಕ ಕೊಡುವುದು ಹೇಗೆ ಎಂಬುದೇ ಇವತ್ತಿನ ಮಾತು.

ಮೊದಲು ಲೆಕ್ಕ ನೋಡೋಣ. ಕೆಳಗಿನ ಮೊದಲ ದವಡೆಹಲ್ಲಿಗೆ ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪ್ ಎಂದಿಟ್ಟುಕೊಳ್ಳಿ. ಅಗಿಯುವಾಗ ಭಾರ ಹೊರುವ ಕೆನ್ನೆಬದಿಯ ಕಸ್ಪುಗಳನ್ನು (ಹಲ್ಲಿನ ಮೇಲಿನ ಉಬ್ಬುಗಳನ್ನು) 2 ಮಿ.ಮೀ., ನಾಲಿಗೆಬದಿಯವನ್ನು 1.5 ಮಿ.ಮೀ. ತಗ್ಗಿಸಬೇಕು. ಪಿಂಗಾಣಿ ಬರುವ ಕೆನ್ನೆಬದಿಯ ಗೋಡೆ 1.2ರಿಂದ 1.5 ಮಿ.ಮೀ. ಒಳಕ್ಕೆ ಹೋಗಬೇಕು, ಬರೀ ಲೋಹ ಬರುವ ನಾಲಿಗೆಬದಿಗೆ 0.5 ಮಿ.ಮೀ. ಚಾಂಫರ್ (ಬುಡದಲ್ಲಿ ದುಂಡಗೆ ಇಳಿಯುವ ಅಂಚು) ಸಾಕು. ಎದುರುಬದುರು ಗೋಡೆಗಳು ಮೇಲಕ್ಕೆ ಹೋದಂತೆ ಒಂದರತ್ತ ಒಂದು ವಾಲುವ ಕೋನವೇ ಟೇಪರ್. ಪುಸ್ತಕದ ಆದರ್ಶ 6 ಡಿಗ್ರಿ, ಬಾಯಿಯೊಳಗೆ ಒಪ್ಪಿಕೊಳ್ಳುವುದು 10ರಿಂದ 20. ಅದನ್ನೂ ಮೀರಿದರೆ ಅಂಟು ತಿಂಡಿ ಕಚ್ಚಿದಾಗ ಕ್ಯಾಪ್ ಕಳಚಿ ಕೈಗೆ ಬರುತ್ತದೆ. ಕೊರೆದದ್ದು ಕಮ್ಮಿಯಾದರೆ ಪಿಂಗಾಣಿ ತೆಳುವಾಗಿ ಒಡೆಯುತ್ತದೆ. ಇಲ್ಲವೇ ಲ್ಯಾಬಿನಲ್ಲಿ ಕ್ಯಾಪನ್ನೇ ಉಬ್ಬಿಸಿ ಮಾಡುತ್ತಾರೆ, ಅದರಡಿ ವಸಡು ಊದಿಕೊಳ್ಳುತ್ತದೆ.

ಅರ್ಧ ಮಿಲಿಮೀಟರ್ ಅತ್ತಿತ್ತಾದರೆ ಕೆಡುವ ಇಂಥ ಕೆಲಸವನ್ನು ಬೆರಳಲ್ಲಿ ತಿರುಗಿಸಿ ನೋಡಿ ‘ಹತ್ತಕ್ಕೆ ಏಳು’ ಎಂದು ಬರೆದುಬಿಡುವ ರೂಢಿ ಇದೆಯಲ್ಲ, ಅದು ಹೋಗಲೇಬೇಕು. ಒಂದೇ ಹಲ್ಲಿಗೆ ಇಬ್ಬರು ಪರೀಕ್ಷಕರು ಬೇರೆಬೇರೆ ಅಂಕ ಕೊಡುತ್ತಾರೆ. ಒಬ್ಬರೇ ಮರುವಾರ ನೋಡಿದರೂ ಅಂಕ ಬದಲಾಗುತ್ತದೆ. ನುಣುಪಾಗಿ ಉಜ್ಜಿದ ಹಲ್ಲು ಕಣ್ಣಿಗೆ ಚೆಂದ ಕಂಡು, ಸಾಕಷ್ಟು ಕೊರೆಯದಿದ್ದರೂ ಪಾಸಾಗುತ್ತದೆ.

ಅಳೆಯಲು ದುಬಾರಿ ಯಂತ್ರವೇನೂ ಬೇಡ. ಕೊರೆಯುವ ಮೊದಲೇ ಹಲ್ಲಿನ ಮೇಲೆ, ಅಕ್ಕಪಕ್ಕದ ಹಲ್ಲುಗಳನ್ನೂ ಸೇರಿಸಿ, ಸಿಲಿಕೋನ್ ಪುಟ್ಟಿ ಒತ್ತಿ ಅಚ್ಚು ತೆಗೆದಿಡಿ. ಅದನ್ನು ಕೆನ್ನೆಯಿಂದ ನಾಲಿಗೆಯ ಕಡೆಗೆ, ಹಲ್ಲಿನ ನಡುಮಧ್ಯಕ್ಕೆ ಬ್ಲೇಡಿನಿಂದ ಸೀಳಿ. ಕೊರೆದಾದ ಮೇಲೆ ಅರ್ಧ ಅಚ್ಚನ್ನು ಮತ್ತೆ ಕೂರಿಸಿದರೆ ಅಚ್ಚಿಗೂ ಹಲ್ಲಿಗೂ ನಡುವಿನ ಸಂದು ಎದ್ದು ಕಾಣುತ್ತದೆ. ಮಿಲಿಮೀಟರ್ ಗೆರೆಗಳಿರುವ ಪ್ರೋಬ್ ಇಟ್ಟು ಓದಿ. ಅಚ್ಚು ಪಕ್ಕದ ಹಲ್ಲಿನ ಮೇಲೆ ಪೂರ್ತಿ ಕೂತಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಎಲ್ಲ ಅಳತೆಯೂ ಸುಳ್ಳು.

ಅಂಡರ್‌ಕಟ್ (ಬುಡದಲ್ಲಿ ಒಳಕ್ಕೆ ಕಚ್ಚಿದ ಗೋಡೆ) ಹುಡುಕುವಾಗ ಒಂದು ಕಣ್ಣು ಮುಚ್ಚಿ, ಸುಮಾರು 30 ಸೆಂ.ಮೀ. ದೂರದಿಂದ ಹಲ್ಲನ್ನು ನೆಟ್ಟಗೆ ಮೇಲಿಂದ ನೋಡಿ. ಮಾರ್ಜಿನ್, ಅಂದರೆ ಕೊರೆತ ಮುಗಿಯುವ ಅಂಚು, ಸುತ್ತಲೂ ಒಂದೇ ನೋಟಕ್ಕೆ ಕಾಣಬೇಕು. ಎರಡೂ ಕಣ್ಣು ತೆರೆದರೆ ಒಂದೊಂದು ಕಣ್ಣು ಒಂದೊಂದು ಗೋಡೆಯ ಬುಡ ಕಂಡು, ಒಳಕ್ಕೆ ಕಚ್ಚಿದ ಗೋಡೆಗಳೂ ಸರಿಯಿದ್ದಂತೆ ತೋರುತ್ತವೆ.

ತಪ್ಪುಗಳಿಗೂ ಅವುಗಳದೇ ಜಾಗಗಳಿವೆ. ಏರೋಟರಿನ ತುದಿಯಲ್ಲಿ ತಿರುಗುವ ಕೊರೆಕಡ್ಡಿ, ಅಂದರೆ ಬರ್, ತಾನೇ ಮೊನೆಯತ್ತ ಸಪುರ. ನೇರ ಹಿಡಿದರೆ ಬೇಕಾದ ಟೇಪರ್ ತಾನಾಗಿ ಬರುತ್ತದೆ. ಹಿಂಬದಿಯ ಗೋಡೆ ಕಾಣದೆ ಕೈ ವಾಲಿಸಿದಾಗ ಅದು ಇಳಿಜಾರಾಗುತ್ತದೆ. ಮುಂಬದಿಯಲ್ಲಿ ಪಕ್ಕದ ಹಲ್ಲಿಗೆ ಗೀರು ಬೀಳುತ್ತದೆ: ಸಪುರ ಬರ್ ಬಳಸಿ, ಕೊರೆಯುವ ಹಲ್ಲಿನದೇ ತೆಳುವಾದ ಪದರ ಉಳಿಸಿಕೊಂಡು ಸಾಗಬೇಕು, ಪಕ್ಕದ ಹಲ್ಲಿಗೆ ಲೋಹದ ಮ್ಯಾಟ್ರಿಕ್ಸ್ ಪಟ್ಟಿ ಸುತ್ತಬೇಕು. ಮೊನೆಯ ಅಗಲ 1.2 ಮಿ.ಮೀ. ಇರುವ ಬರನ್ನು 0.6ಕ್ಕಿಂತ ಒಳಕ್ಕೆ ಒತ್ತಿದರೆ ಚಾಂಫರಿನ ಹೊರ ಅಂಚಿನಲ್ಲಿ ತುಟಿಯಂಥ ಏಣು ಉಳಿಯುತ್ತದೆ. ಕ್ಯಾಪಿಗಾಗಿ ಅಚ್ಚು ತೆಗೆಯುವಾಗ ಮುರಿಯುವುದು ಇದೇ. ಇವೆಲ್ಲ ಕೊನೆಯ ಹಲ್ಲಿನಲ್ಲಿ ಬೆರೆತುಹೋಗುವುದರಿಂದ ಹಂತಹಂತವಾಗಿ ನೋಡಬೇಕು: ಎಷ್ಟು ತಗ್ಗಿಸಬೇಕೆಂದು ತೋರಿಸುವ ಆಳದ ಗೆರೆಗಳನ್ನು ಕೊರೆದೊಡನೆ ಒಮ್ಮೆ, ಮೇಲ್ಮೈ ತಗ್ಗಿಸಿದ ಮೇಲೆ ಒಮ್ಮೆ, ಗೋಡೆಗಳಾದ ಮೇಲೆ ಇನ್ನೊಮ್ಮೆ. ಪ್ರತಿ ಹಂತದಲ್ಲಿ ವಿದ್ಯಾರ್ಥಿಯೇ ಮೊದಲು ಅಳೆದು ಬರೆಯಲಿ, ಆಮೇಲೆ ಶಿಕ್ಷಕರು ಬರೆಯಲಿ. ಎರಡರ ವ್ಯತ್ಯಾಸಕ್ಕೂ ಅಂಕವಿರಲಿ.

ಕೊರೆಯುವಾಗಿನ ಬಿಸಿ ತಣಿಸುವ ನೀರನ್ನು ಮರೆಯುವಂತಿಲ್ಲ. ಕನ್ನಡಿ ಮಸುಕಾಗುತ್ತದೆಂದು ನೀರು ಬಂದ್ ಮಾಡಿ ಪ್ಲಾಸ್ಟಿಕ್ ಹಲ್ಲು ಕೊರೆಯುವವರಿದ್ದಾರೆ. ಪ್ಲಾಸ್ಟಿಕ್‌ಗೆ ನೋವಿಲ್ಲ, ಒಳಗೆ ಜೀವವಿಲ್ಲ. ಆದರೆ ಮಂಗಗಳ ಹಲ್ಲಿನ ಮೇಲೆ ನಡೆದು 1965ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಳಗಿನ ತಿರುಳಿನ ಉಷ್ಣತೆ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದ್ದಕ್ಕೇ ಕೆಲವು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ನೀರಿಲ್ಲದೆ ಕೊರೆದವರಿಗೆ, ಹಲ್ಲು ಎಷ್ಟೇ ಅಂದವಾಗಿರಲಿ, ಪೂರ್ಣ ಅಂಕ ಕೊಡಕೂಡದು.

ಈಗ ಸ್ಕ್ಯಾನರ್ ಬಂದಿದೆ. ವಿದ್ಯಾರ್ಥಿಯ ಹಲ್ಲನ್ನು ಮಾದರಿ ಹಲ್ಲಿನ ಮೇಲಿಟ್ಟು, ಹೆಚ್ಚುಕಡಿಮೆಯಾದಲ್ಲಿ ಬಣ್ಣ ತೋರಿಸುತ್ತದೆ. ಒಳ್ಳೆಯದೇ. ಆದರೆ ಎರಡನ್ನೂ ಹೊಂದಿಸಲು ಕೊರೆದ ಮೇಲ್ಮೈಯನ್ನೇ ಆಧಾರ ಮಾಡಿದರೆ ತಂತ್ರಾಂಶ ತಪ್ಪನ್ನು ಸುತ್ತಲೂ ಹಂಚಿ ಮರೆಮಾಡುತ್ತದೆ. ಕೊರೆಯದ ಪಕ್ಕದ ಹಲ್ಲುಗಳನ್ನು ಹಿಡಿದು ಹೊಂದಿಸಬೇಕು.

ಪರೀಕ್ಷಕರೂ ಮೊದಲು ತಾವು ಹೊಂದಿಕೊಳ್ಳಬೇಕು. ಚೆನ್ನಾದದ್ದು, ಗಡಿಯಲ್ಲಿರುವುದು, ಕೆಟ್ಟದ್ದು ಎಂದು ಮೂರು ಬಗೆಯ ಹಲ್ಲುಗಳಿಗೆ ಎಲ್ಲರೂ ಬೇರೆಬೇರೆ ಕೂತು ಅಂಕ ಹಾಕಿ, ಅಂತರ ಬಂದಲ್ಲಿ ಪ್ರೋಬ್ ಇಟ್ಟು ಚರ್ಚೆ ಮಾಡಲಿ. ಪರೀಕ್ಷೆಯ ಹಲ್ಲಿನ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು.

ಕೊನೆಗೆ ನಮ್ಮ ಜಿಲ್ಲೆಗೇ ಬೇಕಾದದ್ದೊಂದು. ಟೈಪೋಡಾಂಟ್ ಹಲ್ಲು ಎತ್ತರವಾಗಿ, ಸವೆಯದೆ ಇರುತ್ತದೆ. ಶಿರಸಿ, ಸಿದ್ದಾಪುರದ ಕಡೆ ದಿನವಿಡೀ ಕವಳ ಹಾಕುವ ಹಿರಿಯರ ದವಡೆಹಲ್ಲು ಹಾಗಿರುವುದಿಲ್ಲ. ಅಡಿಕೆ ಅಗಿದಗಿದು ಗಿಡ್ಡಾಗಿರುತ್ತದೆ. ದವಡೆಹಲ್ಲಿನ ಗೋಡೆ ಕೊರೆದಾದ ಮೇಲೆ 4 ಮಿ.ಮೀ. ಆದರೂ ಎತ್ತರ ಉಳಿಯದಿದ್ದರೆ ಕ್ಯಾಪಿಗೆ ಹಿಡಿತ ಸಾಲದು. ಹಾಗಾಗಿ ಒಂದು ಪರೀಕ್ಷೆಗಾದರೂ ಮೊದಲೇ ಮೇಲ್ಮೈ ಸವೆಸಿದ, ಎದುರಿನ ಹಲ್ಲಿಗೆ ತಾಗುವಂತೆ ಕೂರಿಸಿದ ಹಲ್ಲು ಕೊಡಬೇಕು. ಏರೋಟರ್ ಮುಟ್ಟುವ ಮೊದಲೇ ವಿದ್ಯಾರ್ಥಿ ಬರೆದುಕೊಡಲಿ: ಎಷ್ಟು ಎತ್ತರ ಉಳಿಯುತ್ತದೆ, ಮೇಲ್ಮೈಗೆ ಕಡಿಮೆ ಕೊರೆತ ಸಾಕಾಗುವ ಬರೀ ಲೋಹ ಇಡುವುದೇ, ಪಕ್ಕದ ಗೋಡೆಗಳಲ್ಲಿ ಉದ್ದ ತೋಡು ಕೊರೆದು ಹಿಡಿತ ಹೆಚ್ಚಿಸುವುದೇ. ಆ ಬರಹಕ್ಕೂ ಕೊರೆತದಷ್ಟೇ ಅಂಕ ಇಡಬೇಕು.